ಇಪ್ಪತ್ತೈದು ಪದ, ಹೊಗಳಿಕೆ ಸಲ್ಲದು

ಫೆಬ್ರವರಿ ೩

ಇವತ್ತಿನಿಂದ ಬರೆಯುತ್ತೇನೆ. ಯಾರಿಗೂ ತೋರಿಸಲಿಕ್ಕಲ್ಲ, ಯಾವ ದಿನ ಎಲ್ಲಿಗೆ ಏನು ಕಳಿಸಿದೆ ಎನ್ನುವುದು ನೆನಪಿರಲಿ ಅಂತ. ನನ್ನ ನೆನಪಿನ ಶಕ್ತಿಯ ಮೇಲೆ ಅಕ್ಕನಿಗೆ ನಂಬಿಕೆಯಿಲ್ಲ. ನನಗೂ ಅಷ್ಟಕ್ಕಷ್ಟೆ.

ನಮ್ಮ ವೆಬ್‌ಸೈಟ್ ಶುರುವಾಗಿ ನಾಲ್ಕು ತಿಂಗಳಾಯಿತು. ಎಷ್ಟು ಸಲ ನೋಡಿದ್ದಾರೆ ಎಂದು ಎಣಿಸುವ ಚೌಕವೊಂದು ಪುಟದ ಕೆಳಗಿದೆ. ಅದು ಇನ್ನೂರ ಹನ್ನೊಂದು ಎನ್ನುತ್ತದೆ. ಅದರಲ್ಲಿ ಇನ್ನೂರು ಸಲ ನಾನೇ ನೋಡಿದ್ದೇನೆ. ಉಳಿದ ಹನ್ನೊಂದು ಸೈಟ್ ಕಟ್ಟಿಕೊಟ್ಟವರದೇ ಇರಬೇಕು. ಎದುರಿಗಿದ್ದ ಕ್ಯಾನ್ಸರ್ ಆಸ್ಪತ್ರೆ ಊರಿನ ಇನ್ನೊಂದು ತುದಿಗೆ ಹೋದ ಮೇಲೆ ನಮ್ಮ ಮೆಟ್ಟಿಲು ಹತ್ತುವವರೇ ಇಲ್ಲ. ಮೊದಲೆಲ್ಲ ತಲೆಗೆ ಬಟ್ಟೆ ಸುತ್ತಿಕೊಂಡವರು ಆಸ್ಪತ್ರೆಯ ಗೇಟು ದಾಟಿ, ರಸ್ತೆ ದಾಟಿ, ನೇರವಾಗಿ ಮೇಲೆ ಬರುತ್ತಿದ್ದರು. ಹುಡುಕುವ ಕಷ್ಟವೇ ಇರಲಿಲ್ಲ.

ಅಕ್ಕ ವಿಗ್ ಮಾಡುತ್ತಾಳೆ. ಗೊಂಬೆಯ ತಲೆಗೆ ಹಾಕುವಂಥದ್ದಲ್ಲ. ತೆಳ್ಳನೆಯ ಬಲೆಯ ಒಂದೊಂದು ರಂಧ್ರಕ್ಕೂ ನಿಜವಾದ ಒಂದೊಂದು ಕೂದಲನ್ನು ಕೊಕ್ಕೆಸೂಜಿಯಿಂದ ಎಳೆದು ಗಂಟು ಹಾಕುತ್ತಾಳೆ. ಒಂದಕ್ಕೆ ಮೂರು ವಾರ ಬೇಕು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ನಾನು ಪ್ರೂಫ್ ತಿದ್ದುತ್ತಿದ್ದ ಅಚ್ಚುಕೂಟ ಮುಚ್ಚಿದ ಮೇಲೆ ಅಳತೆ ಬರೆದುಕೊಳ್ಳುವುದು, ಫೋನ್ ಎತ್ತುವುದು, ಕೂದಲು ಬಾಚಿಡುವುದು ನನ್ನ ಪಾಲಿಗೆ ಬಂತು. ಮನೆಯಲ್ಲಿ ನಾವಿಬ್ಬರೇ. ವಿಗ್ ಮಾಡದ ಅಕ್ಕನನ್ನು ನಾನು ಊಹಿಸಿಕೊಳ್ಳಲಾರೆ. ಆ ಕುರ್ಚಿಯಲ್ಲಿ ಅವಳು ಕೂತಿರಬೇಕು, ಅವಳ ಕೈಗೆ ಕೆಲಸ ಇರಬೇಕು. ಇಷ್ಟೆಲ್ಲ ಅದಕ್ಕಾಗಿಯೇ.

ಸೈಟ್ ಕಟ್ಟಿಕೊಟ್ಟವರನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡೆ. ಅವರು ಬೇಸರಿಸಿಕೊಳ್ಳದೆ ಒಂದು ದಾರಿ ಹೇಳಿದರು. ಅಂತರ್ಜಾಲದಲ್ಲಿ ದೊಡ್ಡದೊಂದು ಡೈರೆಕ್ಟರಿ ಇದೆಯಂತೆ. ಸೈಟುಗಳನ್ನೆಲ್ಲ ವಿಭಾಗ ಮಾಡಿ ಜೋಡಿಸಿಟ್ಟಿದ್ದಾರಂತೆ. ಜೋಡಿಸುವವರು ಸಂಬಳದವರಲ್ಲ, ಸ್ವಯಂಸೇವಕರು. ಒಂದೊಂದನ್ನೂ ತಾವೇ ತೆರೆದು ನೋಡಿ ಆರಿಸುತ್ತಾರೆ. ಹುಡುಕುವ ಯಂತ್ರಗಳೆಲ್ಲ ಆ ಪಟ್ಟಿಯನ್ನೇ ನಂಬುತ್ತವೆ. ಅಲ್ಲಿ ಹೆಸರಿದ್ದರೆ ಜನಕ್ಕೆ ಸಿಗುತ್ತೇವೆ, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ. ಯಂತ್ರವಲ್ಲ, ಮನುಷ್ಯರು ನೋಡುತ್ತಾರೆ ಎಂಬ ಮಾತು ನನಗೆ ಬಹಳ ಹಿಡಿಸಿತು.

ಅರ್ಜಿಯಲ್ಲಿ ವಿವರಣೆ ಇಪ್ಪತ್ತೈದು ಪದ ಮೀರಬಾರದು, ಹೊಗಳಿಕೆ ಸಲ್ಲದು ಎಂದಿತ್ತು. ಅಕ್ಕನಿಗೆ ಓದಿ ಹೇಳಿದೆ. "ಹೊಗಳಬಾರದು ಅಂದ್ರೆ ಅದು ನಿನ್ನ ಕೈಲಿ ಆಗೋ ಕೆಲಸ ಅಲ್ಲ ಬಿಡು" ಎಂದು ನಕ್ಕಳು. ಹೇಗೋ ಇಪ್ಪತ್ತನಾಲ್ಕರಲ್ಲಿ ಮುಗಿಸಿ ಕಳಿಸಿದೆ. ಎರಡು ವಾರದಲ್ಲಿ ನೋಡುತ್ತಾರಂತೆ.

ಫೆಬ್ರವರಿ ೨೪

ಮೂರು ವಾರವಾಯಿತು. ಹೂಂ ಇಲ್ಲ, ಉಹೂಂ ಇಲ್ಲ. ಎಲ್ಲೋ ಕಳೆದುಹೋಗಿರಬೇಕು ಎಂದು ಇನ್ನೊಂದು ಸಲ ಕಳಿಸಿದೆ.

ಕೆಲಸದ ಮೇಜಿನ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದು ಅಕ್ಕ ಹೇಳಿದಳು. ಬಲ್ಬು ಹಳೆಯದಾಗಿದೆ. ಬೇರೆಯದು ಹಾಕಿದೆ.

ಮಾರ್ಚ್ ೨

ಮತ್ತೆ ಕಳಿಸಿದೆ. ಈ ಸಲ "ಕೈಯಿಂದ" ಎನ್ನುವುದನ್ನು ಮೊದಲು ಹಾಕಿದೆ.

ಮಾರ್ಚ್ ೯

ಕಳಿಸಿದೆ.

ಮಾರ್ಚ್ ೧೬

ಕಳಿಸಿದೆ. ಅಕ್ಕನಿಗೆ ಸಂಜೆಯಾದರೆ ತಲೆನೋವು. ಹೊಸ ಬಲ್ಬಿಗೂ ಬಳೆ ಬಂದಿದೆಯಂತೆ. ಅದನ್ನೂ ಬದಲಾಯಿಸಬೇಕು.

ಏಪ್ರಿಲ್ ೬

ಇವತ್ತು ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು ಅನ್ನಿಸಿದೆ.

ನನ್ನ ಹಾಗೆ ಕಾದು ಕೂತ ಸೈಟಿನವರೆಲ್ಲ ಸೇರಿ ಗೋಳು ಹೇಳಿಕೊಳ್ಳುವ ಒಂದು ಜಾಗ ಅಂತರ್ಜಾಲದಲ್ಲಿ ಸಿಕ್ಕಿತು. ಬೀಗದವರು, ಜೇನಿನವರು, ಹಲ್ಲಿನ ಡಾಕ್ಟರು, ಎಲ್ಲರೂ ಇದ್ದಾರೆ. ಒಬ್ಬರು ಎರಡು ವರ್ಷದಿಂದ ಕಾಯುತ್ತಿದ್ದಾರೆ. ಅಲ್ಲಿ ಒಬ್ಬರು ವಿವರಿಸಿದರು: ಒಂದೇ ಸೈಟನ್ನು ಎರಡನೇ ಸಲ ಕಳಿಸಿದರೆ ಹಳೆಯ ಅರ್ಜಿ ಅಳಿಸಿಹೋಗುತ್ತದೆ, ಹೊಸ ತಾರೀಖು ಬೀಳುತ್ತದೆ, ಸಾಲಿನ ಕೊನೆಗೆ ಹೋಗಿ ನಿಲ್ಲುತ್ತೇವೆ. ಇದನ್ನು ಅರ್ಜಿಯ ಪುಟದಲ್ಲಿ ಎಲ್ಲೂ ಬರೆದಿಲ್ಲ. ನಾನು ವಾರಕ್ಕೊಂದು ಸಲ ಶ್ರದ್ಧೆಯಿಂದ ಕಳಿಸಿದ್ದೇನೆ. ಅಂದರೆ ವಾರಕ್ಕೊಂದು ಸಲ ಸಾಲಿನಿಂದ ನನ್ನ ಕತ್ತು ಹಿಡಿದು ನಾನೇ ಹಿಂದಕ್ಕೆ ದಬ್ಬಿದ್ದೇನೆ. ಎಲ್ಲಿಗೆ ಬಂತು ಎಂದು ವಿಚಾರಿಸುವಂತೆಯೂ ಇಲ್ಲ. ವಿಚಾರಿಸಿದವರಿಗೆ ಒಂದೇ ಸಾಲಿನ ಉತ್ತರ ಬರುತ್ತದಂತೆ.

ಆ ಸಿಟ್ಟನ್ನು ಕೆಳಗಿನ ಗಡಿಯಾರ ರಿಪೇರಿಯವರ ಮೇಲೆ ಕಾರಿಕೊಂಡೆ. ಅವರು ಪಾಪ, ಮೆಟ್ಟಿಲ ಮೇಲೆ ಯಾರೋ ಸೈಕಲ್ ಇಟ್ಟಿದ್ದಾರೆ ಎಂದು ಹೇಳಲು ಬಂದಿದ್ದರು.

ಮಧ್ಯಾಹ್ನ ಅಕ್ಕ ಮರದ ತಲೆಯಿಟ್ಟ ಸ್ಟ್ಯಾಂಡಿಗೆ ಭುಜ ತಾಗಿಸಿ ಬೀಳಿಸಿದಳು. ಮೂವತ್ತೊಂದು ವರ್ಷದಿಂದ ಅದು ಅಲ್ಲೇ ಇದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದು ಕೇಳಿದಳು. ಪರೀಕ್ಷೆಗೆಂದು ಕಣ್ಣಿಗೆ ಹನಿ ಹಾಕಿದರೆ ನಾಲ್ಕು ಗಂಟೆ ಏನೂ ಕಾಣುವುದಿಲ್ಲ, ಜೊತೆಗೆ ಒಬ್ಬರು ಇರಲೇಬೇಕು. ಗಡಿಯಾರದವರ ಹೆಂಡತಿಯನ್ನು ಕೇಳಲೇ ಎಂದಳು. ಬೇರೆಯವರಿಗೆ ಯಾಕೆ ತೊಂದರೆ, ನಾನೇ ಕರೆದುಕೊಂಡು ಹೋಗುತ್ತೇನೆ, ಮುಂದಿನ ವಾರ ಎಂದೆ.

ಏಪ್ರಿಲ್ ೧೫

ನಮ್ಮ ವಿಭಾಗವನ್ನು ಇವತ್ತು ಪೂರ್ತಿ ನೋಡಿದೆ. ಒಟ್ಟು ನಾಲ್ಕು ಸೈಟುಗಳಿವೆ. ಒಂದು ವೇಷದ ಪಾರ್ಟಿಗೆ ಹಸಿರು ಕೂದಲು ಮಾರುತ್ತದೆ. ಒಂದು ತೆರೆಯುವುದೇ ಇಲ್ಲ. ಮೂರನೆಯದನ್ನು ಒತ್ತಿದರೆ ಕಾರಿನ ಟೈರು ಬರುತ್ತದೆ. ನಾಲ್ಕನೆಯದು ಕಾರ್ಖಾನೆಯ ವಿಗ್‌ಗಳನ್ನು ತರಿಸಿ ಮಾರುವ ಒಬ್ಬರದು. ಅವರೇ ಈ ವಿಭಾಗದ ಸಂಪಾದಕರಾಗಿದ್ದರಂತೆ. ತಮ್ಮ ಸೈಟನ್ನು ಸೇರಿಸಿಕೊಂಡರು, ಬಾಗಿಲು ಎಳೆದುಕೊಂಡರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಪುಟ ತಿದ್ದಿ ಎರಡು ವರ್ಷವಾಗಿದೆ. ಈಗ ಸಂಪಾದಕರೇ ಇಲ್ಲ.

ನಾನು ಇಷ್ಟು ದಿನ ಖಾಲಿ ಕುರ್ಚಿಗೆ ಕೈಮುಗಿಯುತ್ತಿದ್ದೆ.

ಡಾಕ್ಟರ ಹತ್ತಿರ ಹೋಗುವುದು ಈ ವಾರ ಆಗಲಿಲ್ಲ. ಮೇ ಹತ್ತೊಂಬತ್ತಕ್ಕೆ ಹೆಸರು ಬರೆಸಿದ್ದೇನೆ, ಬೆಳಗ್ಗೆ ಹನ್ನೊಂದಕ್ಕೆ.

ಮೇ ೧೯

ಉಪಾಯ ಹೊಳೆದಿದೆ. ಸಂಪಾದಕರಿಲ್ಲದಿದ್ದರೆ ನಾನೇ ಸಂಪಾದಕನಾಗುತ್ತೇನೆ. ಯಾರು ಬೇಕಾದರೂ ಅರ್ಜಿ ಹಾಕಬಹುದು. ಆದರೆ ಹೊಸಬರಿಗೆ ಅವರವರ ವ್ಯಾಪಾರದ ವಿಭಾಗ ಕೊಡುವುದಿಲ್ಲ. ಸಣ್ಣದೊಂದು ವಿಭಾಗದಲ್ಲಿ ಕೆಲಸ ಮಾಡಿ ಯೋಗ್ಯತೆ ತೋರಿಸಬೇಕು, ಆಮೇಲೆ ದೊಡ್ಡದು. ಖಾಲಿಯಿದ್ದ ಸಣ್ಣ ವಿಭಾಗಗಳಲ್ಲಿ ಅಂಗಿಯ ಗುಂಡಿಗಳ ವಿಭಾಗ ಆರಿಸಿದೆ. ಮಾದರಿಗೆ ಮೂರು ಸೈಟುಗಳ ವಿವರಣೆ ಬರೆದುಕೊಡಬೇಕು. ಪುಟ ಅರ್ಧ ಗಂಟೆ ಸುಮ್ಮನಿದ್ದರೆ ತಾನಾಗಿ ಮುಚ್ಚಿಕೊಳ್ಳುತ್ತದೆ, ಬರೆದದ್ದೆಲ್ಲ ಹೋಗುತ್ತದೆ. ಎರಡು ಸಲ ಹೋಯಿತು. ಮೂರನೇ ಸಲ ಕೂತಾಗ ಹತ್ತೂವರೆಯಾಗಿತ್ತು.

ಅಕ್ಕ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹತ್ತು ನಿಮಿಷ ಎಂದೆ. ತಲೆ ಎತ್ತಿದಾಗ ಹನ್ನೆರಡು ದಾಟಿತ್ತು. ಅವಳು ಚಪ್ಪಲಿ ಬಿಟ್ಟು ತನ್ನ ಕುರ್ಚಿಗೆ ಹೋಗಿ ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೧೨

ತಿರಸ್ಕಾರ. ನನ್ನ ಮೂರು ವಿವರಣೆಗಳಲ್ಲಿ "ಸುಂದರ", "ಅಪರೂಪದ" ಎಂಬ ಪದಗಳಿವೆಯಂತೆ. ನಿಷ್ಪಕ್ಷಪಾತತೆ ಸಾಲದು ಎಂದು ಹಿರಿಯ ಸಂಪಾದಕರೊಬ್ಬರು ಬರೆದಿದ್ದಾರೆ. ಅವರಿಗೆ ಗರಗಸ ಎಂದು ಹೆಸರಿಟ್ಟಿದ್ದೇನೆ. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ತಿದ್ದಿದ ನನ್ನ ವಾಕ್ಯಕ್ಕೆ ಕೆಂಪು ಗೀಟು! ಊಟ ಸೇರಲಿಲ್ಲ. ದಿನವೆಲ್ಲ ಅದೇ ಮೂರು ವಾಕ್ಯಗಳನ್ನು ಕೊಯ್ದು ಕೊಯ್ದು ನೋಡಿದೆ. ಕೊನೆಗೆ ಒಂದರಲ್ಲಿ ಐದೇ ಪದ ಉಳಿಯಿತು: "ಮರದ ಗುಂಡಿಗಳು. ಬೆಲೆಪಟ್ಟಿ ಮತ್ತು ಚಿತ್ರಗಳು." ಓದಿದರೆ ಗಂಟಲು ಒಣಗುತ್ತದೆ. ಇದೇ ಅವರಿಗೆ ಬೇಕಾದದ್ದು ಅಂತ ಕಾಣುತ್ತದೆ.

ಈ ಕಂಪ್ಯೂಟರ್ ಎತ್ತಿ ಬೀದಿಗೆ ಎಸೆದು ನಿದ್ದೆ ಮಾಡಬೇಕು ಅನ್ನಿಸುತ್ತದೆ. ಆದರೆ ಎದುರಿನ ಖಾಲಿ ಆಸ್ಪತ್ರೆಯ ಗೇಟು ನೋಡಿದರೆ ಕೈ ತಾನಾಗಿ ಕೀಲಿಮಣೆಗೆ ಹೋಗುತ್ತದೆ.

ಜುಲೈ ೧

ಎರಡನೇ ಅರ್ಜಿಗೆ ಆಯ್ಕೆಯಾದೆ. ಗುಂಡಿ ವಿಭಾಗದ ಸಂಪಾದಕ ನಾನು.

ಒಳಗೆ ಹೋಗಿ ನೋಡಿದರೆ ನಲವತ್ತಮೂರು ಅರ್ಜಿಗಳು ಕಾಯುತ್ತಿವೆ. ಮರದ್ದು, ಕೊಂಬಿನದು, ಚಿಪ್ಪಿನದು, ಹಿತ್ತಾಳೆಯದು. ಒಂದು ಅರ್ಜಿ ಮೂರು ವರ್ಷ ಹಳೆಯದು. ಯಾರೂ ತೆರೆದೇ ನೋಡಿಲ್ಲ. ಛೆ, ಎಂಥ ಜನ ಇವರು ಎಂದು ಬೈದುಕೊಂಡೆ. ಒಂದು ವಾರದಲ್ಲಿ ಎಲ್ಲ ಮುಗಿಸುತ್ತೇನೆ.

ಅಕ್ಕನಿಗೆ ಹೇಳಿದೆ. ತಲೆಯಲ್ಲಿ ಕೂದಲಿಲ್ಲದವರಿಗೆ ಅಂಗಿಯ ಗುಂಡಿಯಿಂದ ಏನು ಉಪಕಾರ ಎಂದು ಕೇಳಿದಳು. ವಿವರಿಸಲು ಹೊರಟೆ. ಅವಳು ಎರಡು ಕಟ್ಟು ಕೂದಲು ಮುಂದೆ ಹಿಡಿದು, ಇದರಲ್ಲಿ ಕಪ್ಪು ಯಾವುದು, ಕಡುಕಂದು ಯಾವುದು ಸ್ವಲ್ಪ ಹೇಳು ಎಂದಳು. ಹೇಳಿದೆ. ಬೆಳಕು ಕಡಿಮೆಯಿತ್ತು.

ಒಬ್ಬರು ಶಾಲೆಯ ಮೇಡಂ ಮಾಡಲು ಹೇಳಿದ್ದ ವಿಗ್ ಮುಗಿಯಲು ಐದು ವಾರ ಹಿಡಿಯಿತು. ಅಕ್ಕನಿಗೂ ವಯಸ್ಸಾಗುತ್ತಿದೆ.

ಜುಲೈ ೨೬

ಹದಿನೆಂಟು ಅರ್ಜಿ ನೋಡಿದೆ. ನಾಲ್ಕನ್ನು ಸೇರಿಸಿದೆ.

ಹೊರಗಿನವರಿಗೆ ಗೊತ್ತಾಗುವುದಿಲ್ಲ, ಎಂಥೆಂಥ ಕಸ ಬರುತ್ತದೆ ಅಂತ. ಒಬ್ಬರಿಗೂ ಇಪ್ಪತ್ತೈದು ಪದದ ಲೆಕ್ಕ ಗೊತ್ತಿಲ್ಲ. ಎಲ್ಲರೂ "ಅತ್ಯುತ್ತಮ", ಎಲ್ಲರೂ "ನಂಬರ್ ಒನ್". ಒಬ್ಬರು ವಾರಕ್ಕೊಂದು ಸಲ ಕಳಿಸುತ್ತಾರೆ, ಪ್ರತಿ ಸಲವೂ ಸಾಲಿನ ಕೊನೆಗೆ ಹೋಗುತ್ತಾರೆ. ಓದಿಕೊಂಡು ಮಾಡಬಾರದೇ? ಕೊಯ್ಯುವುದರಲ್ಲಿ ನನ್ನ ಕೈ ಪಳಗಿದೆ. ಮೂವತ್ತು ಪದ ಬಂದರೆ ಏಳಕ್ಕೆ ಇಳಿಸುತ್ತೇನೆ. ಮನಸ್ಸಿಗೆ ಒಂಥರಾ ಹಿತವಾಗುತ್ತದೆ. ಗರಗಸ ಮಹಾಶಯರು "ಒಳ್ಳೆಯ ಕೆಲಸ" ಎಂದು ಎರಡು ಪದ ಬರೆದಿದ್ದರು. ಅದನ್ನು ಮೂರು ಸಲ ಓದಿದೆ.

ಆಗಸ್ಟ್ ೧೯

ಚಿಪ್ಪಿನ ಗುಂಡಿ ಕೊರೆಯುವ ಒಬ್ಬ ಹೆಂಗಸು ನನಗೆ ನೇರವಾಗಿ ಪತ್ರ ಬರೆದಿದ್ದಾರೆ. ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಯಿತಂತೆ. ಅಂಗಡಿ ಉಳಿಸಿಕೊಳ್ಳಲು ಇದೊಂದೇ ದಾರಿ ಉಳಿದಿದೆ, ದಯವಿಟ್ಟು ಒಮ್ಮೆ ತೆರೆದು ನೋಡಿ ಎಂದಿದ್ದಾರೆ. ತೆರೆದು ನೋಡಿದೆ. ಗುಂಡಿಗಳೇನೋ ಚೆನ್ನಾಗಿವೆ. ಆದರೆ ಚಿತ್ರಗಳು ತೆರೆಯಲು ಬಹಳ ಹೊತ್ತು, ವಿಳಾಸ ಸರಿಯಾದ ಜಾಗದಲ್ಲಿಲ್ಲ, ಎರಡು ಕಡೆ "ಅದ್ಭುತ" ಎಂದಿದೆ. ಪಕ್ಕಕ್ಕಿಟ್ಟೆ. ನಿಯಮದ ಪ್ರಕಾರ ಉತ್ತರ ಕೊಟ್ಟೆ: "ವಿಚಾರಿಸುವುದರಿಂದ ಪರಿಶೀಲನೆ ಬೇಗ ಆಗುವುದಿಲ್ಲ."

ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರೂ ಬಂದು ಕೂರುತ್ತಾರೆ.

ಅಕ್ಕ ಈಗ ಬೆಳಗ್ಗೆ ಮಾತ್ರ ಕೂರುತ್ತಾಳೆ, ಕಿಟಕಿಗೆ ಒತ್ತಿ. ಕಾಫಿ ಲೋಟ ಪಕ್ಕದಲ್ಲೇ ಇಟ್ಟಿದ್ದೆ. ಕೈ ತಾಗಿಸಿ ಚೆಲ್ಲಿದಳು. ಕೂದಲಿನ ಮೇಲೆ ಬೀಳಲಿಲ್ಲ, ಪುಣ್ಯ.

ಸೆಪ್ಟೆಂಬರ್ ೨೧

ಗುಂಡಿಯಲ್ಲಿ ಸೇರಿಸಿದ್ದು, ತಿರಸ್ಕರಿಸಿದ್ದು, ತಿದ್ದಿದ್ದು ಎಲ್ಲ ಸೇರಿ ನೂರು ಕೆಲಸ ಮುಗಿಸಿದರೆ ವಿಗ್ ವಿಭಾಗಕ್ಕೆ ಅರ್ಜಿ ಹಾಕಬಹುದು ಎಂದು ಗರಗಸ ತಿಳಿಸಿದ್ದಾರೆ. ಈ ತಿಂಗಳ ಕೊನೆಯೊಳಗೆ ಮುಗಿಸಿದವರ ಅರ್ಜಿಗಳನ್ನು ಮಾತ್ರ ಈ ಸಲ ನೋಡುತ್ತಾರೆ, ತಪ್ಪಿದರೆ ಇನ್ನು ಮೂರು ತಿಂಗಳು ಕಾಯಬೇಕು. ನನ್ನದು ಎಪ್ಪತ್ತೊಂದು ಆಗಿದೆ.

ಮೇ ತಪ್ಪಿದ ಮೇಲೆ ಮತ್ತೆ ಬರೆಸಿದ್ದ ಅಕ್ಕನ ಕಣ್ಣಿನ ದಿನ ನಾಳೆ. ಆಸ್ಪತ್ರೆಗೆ ಫೋನ್ ಮಾಡಿ ಮುಂದಕ್ಕೆ ಹಾಕಿಸಿದೆ. ಆರು ವಾರ ಆಚೆಗೆ, ನವೆಂಬರ್ ಮೂರಕ್ಕೆ ಕೊಟ್ಟರು. ಕಣ್ಣು ಇನ್ನೂ ಸ್ವಲ್ಪ ದಿನ ತಡೆದೀತಾ ಎಂದು ಆ ಕಡೆಯಾಕೆ ಕೇಳಿದರು. ತಡೆಯುತ್ತದೆ ಎಂದೆ. ಅಕ್ಕನಿಗೆ ಹೇಳಿದಾಗ, ಆಯ್ತು ಬಿಡು ಎಂದಳು. ಹೊಂದಿಕೊಂಡು ಹೋಗುವುದರಲ್ಲಿ ನಮ್ಮಕ್ಕನಂಥವರು ಇಲ್ಲ.

ಸೆಪ್ಟೆಂಬರ್ ೩೦

ನೂರ ಎರಡು.

ಅಕ್ಟೋಬರ್ ೧೭

ಒಂದು ವಿಗ್ ವಾಪಸು ಬಂತು. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು. ಬೈತಲೆ ವಕ್ರವಾಗಿದೆ, ಒಂದು ಕಡೆ ಕೂದಲು ದಟ್ಟ, ಇನ್ನೊಂದು ಕಡೆ ಬಲೆ ಕಾಣುತ್ತದೆ ಎಂದು ತಂದವರು ಮೆಲ್ಲಗೆ ಹೇಳಿದರು. ಅವರ ಮೇಲೆ ರೇಗಿದೆ. ನಿಮ್ಮ ತಲೆಯ ಅಳತೆಯೇ ಬದಲಾಗಿರಬೇಕು ಎಂದೂ ಅಂದುಬಿಟ್ಟೆ. ಅಕ್ಕ ನನ್ನ ತೋಳು ಹಿಡಿದು ಸುಮ್ಮನಾಗಿಸಿದಳು. ವಿಗ್ ತೆಗೆದುಕೊಂಡು ಬೆರಳಿನಿಂದ ಬೈತಲೆ ಸವರಿ ನೋಡಿದಳು. ಕಣ್ಣಿನ ಹತ್ತಿರ ತರಲಿಲ್ಲ. "ಅವರು ಹೇಳೋದು ಸರಿ ಇದೆ" ಎಂದಳು.

ಆಮೇಲೆ ಆ ವಿಗ್ ಅನ್ನು ಮಡಿಲಲ್ಲಿಟ್ಟುಕೊಂಡು ಇಡೀ ದಿನ ಕೂತಿದ್ದಳು. ನನಗೆ ಮಾತಾಡಿಸಲು ಆಗಲಿಲ್ಲ, ವಿಗ್ ವಿಭಾಗದ ಅರ್ಜಿ ತುಂಬುವುದಿತ್ತು.

ನವೆಂಬರ್ ೩

ವಿಗ್ ವಿಭಾಗ ಸಿಕ್ಕಿತು! ಒಂಬತ್ತು ತಿಂಗಳ ಹೋರಾಟ.

ಆದರೆ ಸ್ವಂತ ಸೈಟನ್ನು ನಾನೇ ಮುಟ್ಟುವಂತಿಲ್ಲ, ಇನ್ನೊಬ್ಬ ಸಂಪಾದಕರು ನೋಡಬೇಕು. ಗರಗಸಕ್ಕೆ ಕಳಿಸಿದ್ದೇನೆ. ಟೈರಿನದನ್ನು ಕಿತ್ತು ಹಾಕಿದೆ. ತೆರೆಯದಿದ್ದದ್ದನ್ನೂ ಕಿತ್ತೆ. ದಿನ ಹೋದದ್ದೇ ಗೊತ್ತಾಗಲಿಲ್ಲ.

ಸಂಜೆ ನೋಡಿದರೆ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಗಡಿಯಾರದವರ ಹೆಂಡತಿಯ ಕೈ ಹಿಡಿದು. ಇವತ್ತೇ ಮೂರನೇ ತಾರೀಖು. ಮರೆತೇಹೋಗಿತ್ತು. ಏನಂದರು ಎಂದು ಕೇಳಿದೆ. ಹನಿ ಕೊಟ್ಟಿದ್ದಾರೆ, ದಿನಕ್ಕೆ ಎರಡು ಹೊತ್ತು ಎಂದಳು. ಹನಿಯಲ್ಲೇ ಮುಗಿಯಿತಲ್ಲ, ಒಳ್ಳೆಯದಾಯಿತು. ಗಡಿಯಾರದವರ ಹೆಂಡತಿ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು. ಏಪ್ರಿಲ್‌ನಲ್ಲಿ ಅವರ ಗಂಡನಿಗೆ ರೇಗಿದ್ದು ಇನ್ನೂ ಮರೆತಿಲ್ಲ ಅಂತ ಕಾಣುತ್ತದೆ.

ನವೆಂಬರ್ ೧೪

ಚಿಪ್ಪಿನ ಗುಂಡಿಯಮ್ಮ ಅರ್ಜಿ ಹಿಂದಕ್ಕೆ ತೆಗೆದುಕೊಂಡಿದ್ದಾರೆ. ಅಂಗಡಿ ಮುಚ್ಚಿದರಂತೆ, ಇನ್ನು ಪರಿಶೀಲನೆ ಬೇಕಾಗಿಲ್ಲ, ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ ಎಂದು ಬರೆದಿದ್ದಾರೆ. ಅಳಿಸಿದೆ. ಸಾಲಿನಲ್ಲಿ ಒಂದು ಕಡಿಮೆಯಾಯಿತು.

ನವೆಂಬರ್ ೨೮

ಸೇರಿಸಿದರು! ನಮ್ಮ ಸೈಟ್ ಡೈರೆಕ್ಟರಿಯಲ್ಲಿದೆ!

ವಿವರಣೆಯಲ್ಲಿ ನನ್ನ ಇಪ್ಪತ್ತನಾಲ್ಕು ಪದಗಳಲ್ಲಿ ನಾಲ್ಕು ಉಳಿದಿವೆ: "ರೋಗಿಗಳಿಗೆ ವಿಗ್ ತಯಾರಿಕೆ. ವಿಳಾಸ." ಮೂವತ್ತೊಂದು ವರ್ಷವಿಲ್ಲ, ಕೈಕೆಲಸವಿಲ್ಲ, ನಿಜವಾದ ಕೂದಲಿಲ್ಲ. ಆದರೂ ಕಣ್ಣು ತುಂಬಿ ಬಂತು. ಅಕ್ಕನನ್ನು ಕರೆದು ಪರದೆಯ ಮುಂದೆ ಕೂರಿಸಿದೆ. ಅವಳು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಓದು ಎಂದೆ. ನೀನೇ ಓದು, ನಿನ್ನ ಬಾಯಲ್ಲಿ ಕೇಳಬೇಕು ಎಂದಳು. ಓದಿದೆ. ಸರಿಯಾಗಿದೆ, ಇಷ್ಟು ಸಾಕು ಎಂದಳು.

ಡಿಸೆಂಬರ್ ೧೮

ಮಧ್ಯಾಹ್ನದವರೆಗೂ ನನ್ನಷ್ಟು ಸಂತೋಷದ ಮನುಷ್ಯ ಈ ರಸ್ತೆಯಲ್ಲಿ ಇರಲಿಲ್ಲ.

ಒಂದು ವಾರದಲ್ಲಿ ಏಳು ಪತ್ರಗಳು ಬಂದಿವೆ. ಹುಡುಕುವ ಯಂತ್ರಗಳಿಗೆ ನಾವು ಸಿಕ್ಕಿದ್ದೇವೆ. ಏಳನ್ನೂ ಅಚ್ಚು ಹಾಕಿಸಿ ಅಕ್ಕನ ಮೇಜಿನ ಮೇಲೆ ಹರವಿ ಒಂದೊಂದಾಗಿ ಓದಿದೆ. ಒಬ್ಬರು ಹೆಂಡತಿಗೆ ಕೇಳಿದ್ದಾರೆ, ಆಕೆ ಆರು ತಿಂಗಳಿಂದ ಮನೆಯಿಂದ ಹೊರಗೆ ಕಾಲಿಟ್ಟಿಲ್ಲವಂತೆ. ಒಬ್ಬಳು ಹುಡುಗಿ ತಾನೇ ಬರೆದಿದ್ದಾಳೆ, ಅವಳಿಗೆ ಎರಡು ಜಡೆ ಬೇಕು. ನಾನು ಕ್ಯಾಲೆಂಡರ್ ತೆಗೆದು ಮೂರು ಮೂರು ವಾರ ಗೀಟು ಹಾಕುತ್ತಾ ಹೋದೆ. ಮೇ ತಿಂಗಳವರೆಗೆ ಕೈತುಂಬ ಕೆಲಸ.

ಅಕ್ಕ ಏಳನ್ನೂ ಕೇಳಿಸಿಕೊಂಡಳು. ಆಮೇಲೆ ಪೆನ್ನು ಕೆಳಗಿಡು ಎಂದಳು.

ಬಲಗಣ್ಣು ಹೋಗಿಬಿಟ್ಟಿದೆಯಂತೆ. ಎಡಗಣ್ಣಿಗೆ ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತದೆ, ಅದೂ ಮಂಜು. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ. ಸತ್ತದ್ದು ಮತ್ತೆ ಬರುವುದಿಲ್ಲ. ಅಕ್ಟೋಬರ್‌ನಿಂದ ಅವಳು ಒಂದು ಗಂಟನ್ನೂ ಹಾಕಿಲ್ಲ. ಬೆಳಗ್ಗೆ ಹೋಗಿ ಕಿಟಕಿಯ ಹತ್ತಿರ ಸುಮ್ಮನೆ ಕೂರುತ್ತಿದ್ದಳು. ನಾನು ನಾಲ್ಕು ಹೆಜ್ಜೆ ಆಚೆ ಇದ್ದೆ.

"ಬೇಸಿಗೇಲೇ ಬಂದಿದ್ರೆ ಉಳಿಸಬಹುದಿತ್ತು ಅಂದ್ರು" ಎಂದಳು.

"ನನಗ್ಯಾಕೆ ಹೇಳ್ಲಿಲ್ಲ ಅಕ್ಕ?"

"ಹೇಳ್ದೆ ಕಣೋ. ನೀನು ಟೈಪ್ ಮಾಡ್ತಾ ಇದ್ದೆ."

ಡಿಸೆಂಬರ್ ೨೦

ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಬಲ್ಬು ಬದಲಾಯಿಸಿದೆ ಎಂದು ಎರಡು ಕಡೆ ಬರೆದಿದ್ದೇನೆ ಅಂದುಕೊಂಡಿದ್ದೆ. ಎರಡನೆಯದನ್ನು ಬದಲಾಯಿಸಲೇ ಇಲ್ಲ.

ಡಿಸೆಂಬರ್ ೨೯

ನಾನೇ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನದಿಂದ ಹೇಳಿದರು. ಉಳಿದದ್ದನ್ನು ಉಳಿಸಿಕೊಳ್ಳಲು ನೋಡೋಣ, ಹನಿ ತಪ್ಪಿಸಬೇಡಿ ಎಂದರು. ಕುಟುಂಬದವರು ಯಾರೂ ಗಮನಿಸಲಿಲ್ಲವೇ ಎಂದು ಕೇಳಿದರು. ತಪ್ಪು ಹುಡುಕುವ ದನಿಯಲ್ಲಲ್ಲ, ಕಾಗದದಲ್ಲಿ ತುಂಬಲಿಕ್ಕೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ಅವನಿಗೆ ಕೆಲಸ ಜಾಸ್ತಿ ಇತ್ತು ಎಂದಳು. ಆ ಮಾತನ್ನು ಅವರು ಬರೆದುಕೊಳ್ಳಲಿಲ್ಲ.

ಹೊರಗೆ ಬಂದು ರಸ್ತೆ ದಾಟಿಸುವಾಗ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟು ಗಟ್ಟಿಯಾಗಿ ಅವಳು ಯಾವತ್ತೂ ಏನನ್ನೂ ಹಿಡಿದದ್ದು ನಾನು ನೋಡಿಲ್ಲ. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ವಾಹನಗಳು ಬರುತ್ತಿದ್ದವು, ದಾಟಿಸಿದೆ.

ಜನವರಿ ೬

ಹೇಳದೆ ಕೇಳದೆ ಒಬ್ಬ ಹೆಂಗಸು ಬಂದರು. ನಲವತ್ತರ ಆಸುಪಾಸು, ತಲೆಗೆ ನೀಲಿ ಬಟ್ಟೆ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಡೈರೆಕ್ಟರಿ ನೋಡಿ ಬಂದೆ ಎಂದರು. ಕಳೆದ ಬೇಸಿಗೆಯಿಂದ ಹುಡುಕುತ್ತಿದ್ದರಂತೆ. ಆಗ ಕೈಗೆಟುಕುವ ಬೆಲೆಗೆ ಸಿಕ್ಕಿದ್ದು ವೇಷದ ಪಾರ್ಟಿಯ ಅಂಗಡಿ ಒಂದೇ. ಅಲ್ಲಿಂದ ತರಿಸಿದ್ದನ್ನು ಹಾಕಿಕೊಂಡು ಒಂದು ದಿನ ಆಫೀಸಿಗೆ ಹೋಗಿದ್ದರು. ಎರಡನೇ ದಿನ ಹೋಗಲಿಲ್ಲ. ಈಗ ಕೆಲಸವೂ ಇಲ್ಲ ಎಂದು ಹೇಳಿ ನಕ್ಕರು.

ಅಕ್ಕ ಅವರನ್ನು ಕೂರಿಸಿ ಬಟ್ಟೆ ಬಿಚ್ಚಿದಳು. ಎರಡೂ ಅಂಗೈಗಳಿಂದ ತಲೆಯನ್ನು ಹಿಡಿದು ನಿಧಾನವಾಗಿ ಸವರಿದಳು, ಹಣೆಯಿಂದ ಕತ್ತಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ. ಟೇಪು ಮುಟ್ಟದೆ ಅಳತೆ ಹೇಳಿದಳು. ನಾನು ಅಭ್ಯಾಸಬಲದಿಂದ ಬರೆದುಕೊಂಡೆ. ಆ ಹೆಂಗಸು ಕಣ್ಣು ಮುಚ್ಚಿಕೊಂಡಿದ್ದರು. ಇಷ್ಟು ದಿನ ಆ ತಲೆಯನ್ನು ಯಾರೂ ಮುಟ್ಟಿರಲಿಲ್ಲವೇನೋ.

ಆಮೇಲೆ ಅಕ್ಕ ತನಗೆ ಕಣ್ಣು ಕಾಣುವುದಿಲ್ಲ, ಮಾಡಿಕೊಡಲು ಆಗುವುದಿಲ್ಲ ಎಂದಳು. ಬೇರೆ ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದರು. ಕೈಯಲ್ಲಿ ಮಾಡುವವರು ತನಗೆ ಗೊತ್ತಿದ್ದವರು ಇಬ್ಬರು, ಇಬ್ಬರೂ ತೀರಿಹೋದರು ಎಂದಳು. ನೀವು ಕಲಿತಿಲ್ಲವೇ ಎಂದು ನನ್ನ ಕಡೆ ತಿರುಗಿದರು. ಇಲ್ಲ ಎಂದೆ.

ಅವರು ಬಟ್ಟೆ ಕಟ್ಟಿಕೊಳ್ಳುತ್ತಾ ನನ್ನನ್ನೇ ಕೇಳಿದರು. "ಹಾಗಾದ್ರೆ ಹೆಸರು ಯಾಕೆ ಹಾಕ್ಸಿದ್ರಿ?"

ಜನವರಿ ೭

ಗುಂಡಿ ವಿಭಾಗದಲ್ಲಿ ಆರು ಅರ್ಜಿ ನೋಡಿದೆ. ಐದನ್ನು ತಿರಸ್ಕರಿಸಿದೆ.

ಜನವರಿ ೨೩

ನಮ್ಮ ಸೈಟನ್ನು ಪಟ್ಟಿಯಿಂದ ತೆಗೆಯಿರಿ ಎಂದು ಹದಿನೈದು ದಿನದ ಹಿಂದೆಯೇ ಬರೆದೆ. ಅದನ್ನೂ ನಾನು ಮುಟ್ಟುವಂತಿಲ್ಲ, ಇನ್ನೊಬ್ಬ ಸಂಪಾದಕರು ನೋಡಬೇಕು. ತೆಗೆಸುವ ಅರ್ಜಿಗಳಿಗೂ ಒಂದು ಸಾಲಿದೆಯಂತೆ. ಗರಗಸಕ್ಕೆ ಎರಡು ಸಲ ಬೇಡಿಕೊಂಡೆ. ಎರಡನೇ ಸಲಕ್ಕೆ ತಾರೀಖು ಬದಲಾಗಿ ಹಿಂದಕ್ಕೆ ಹೋಯಿತು ಎಂದು ತಿಳಿಸಿದರು. ಸೈಟನ್ನೇ ಮುಚ್ಚಿಸಿದೆ. ಆದರೆ ಹುಡುಕುವ ಯಂತ್ರಗಳು ನಮ್ಮ ಪುಟದಲ್ಲಿದ್ದ ವಿಳಾಸವನ್ನು ಮೊದಲೇ ಎತ್ತಿಕೊಂಡಿವೆ, ಜನ ನೇರವಾಗಿ ಮೆಟ್ಟಿಲು ಹತ್ತಿ ಬರುತ್ತಾರೆ.

ಬಾಗಿಲಿಗೆ ಚೀಟಿ ಅಂಟಿಸುತ್ತೇನೆ ಎಂದೆ. ಅಕ್ಕ ಬೇಡ ಎಂದಳು. ಬಂದವರಿಗೆ ನಾನೇ ಹೇಳಿ ಕಳಿಸುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ. "ಕೆಲಸ ನಂದು. ಆಗಲ್ಲ ಅನ್ನೋದನ್ನೂ ನಾನೇ ಹೇಳ್ಬೇಕು" ಎಂದಳು.

ಇವತ್ತು ಮೂವರು ಬಂದಿದ್ದರು. ಪ್ರತಿ ಸಲವೂ ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋದಳು. ಮೂರನೆಯವಳು ಎರಡು ಜಡೆ ಬೇಕೆಂದು ಕೇಳಿದ್ದ ಹುಡುಗಿಯ ವಯಸ್ಸಿನವಳೇ ಇರಬೇಕು, ಜೊತೆಗೆ ತಂದೆ. ಅಕ್ಕ ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಂಡರು, ಒಂದು ಮಾತೂ ಆಡದೆ ತಿರುಗಿ ಇಳಿದು ಹೋದರು. ಅಕ್ಕ ಅವರಿದ್ದ ಜಾಗದ ಕಡೆ ಮುಖ ಮಾಡಿ ಇನ್ನೂ ಮಾತಾಡುತ್ತಲೇ ಇದ್ದಳು, ಕೂದಲು ಮತ್ತೆ ಬೆಳೆಯುತ್ತೆ ಮಗಳೇ, ಮೊದಲಿಗಿಂತ ದಟ್ಟ ಬರುತ್ತೆ ಅಂತ. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಹೋದ್ರಾ?" ಎಂದು ಕೇಳಿದಳು.

ಹೋದರು ಎಂದೆ.